ತಾಲಾಂಗ್‌ಬಾನಿನ ಎಮ್ಮೆಗಳು ಮತ್ತು ಮೊಲದ ಸೀರಮ್

ಪ್ರಾಣಿರೋಗಗಳ ಪ್ರಯೋಗಾಲಯದಲ್ಲಿ ಇಪ್ಪತ್ತಮೂರು ವರ್ಷ ಕೆಲಸ ಮಾಡಿದವಳು ನಾನು. ಹೆಸರು ಪುರಿಫಿಕಾಸ್ಯೋನ್, ಎಲ್ಲರೂ ಕರೆಯುವುದು ಪುರಿಂಗ್ ಎಂದು. ಸಂಶಯಪಡುವುದೇ ನನ್ನ ಕಸುಬು. ಬಾಟಲಿಯ ಮುಚ್ಚಳ ಸರಿಯಾಗಿ ಕೂತಿದೆಯೇ, ಚೀಟಿಯ ಮೇಲಿನ ತಾರೀಖು ಯಾರ ಕೈಬರಹ, ರೈತ ಹೇಳುತ್ತಿರುವುದು ನಿಜವೇ ಎಂದು ನೋಡಿ ನೋಡಿ, ಮನೆಯಲ್ಲಿ ಅನ್ನದ ಪಾತ್ರೆಯ ಮುಚ್ಚಳವನ್ನೂ ಎರಡೆರಡು ಸಲ ಎತ್ತುವ ಹಾಗಾಗಿತ್ತು.

ಆ ವರ್ಷದ ಆಗಸ್ಟಿನಲ್ಲಿ ತಾಲಾಂಗ್‌ಬಾನ್ ಹಳ್ಳಿಯ ದಾನಿಲೊ ಸತ್ತುಹೋದ. ಗದ್ದೆ ಕೆಲಸದವನು, ಮೂವತ್ತನಾಲ್ಕು ವರ್ಷ. ಮೊದಲು ಜ್ವರ, ಆಮೇಲೆ ಮೀನಖಂಡದಲ್ಲಿ ತಡೆಯಲಾಗದ ನೋವು, ಆಮೇಲೆ ಕಣ್ಣು ಅರಿಸಿನದ ಹಾಗೆ ಹಳದಿ. ಇಲೊಯಿಲೊ ನಗರದ ಆಸ್ಪತ್ರೆಗೆ ತರುವಷ್ಟರಲ್ಲಿ ಮೂತ್ರಪಿಂಡ ನಿಂತುಹೋಗಿತ್ತು. ಇಲಿಜ್ವರ ಎಂದರು. ಅದೇ ವಾರ ಇನ್ನಿಬ್ಬರು ಮಲಗಿದರು, ಅವರು ಉಳಿದುಕೊಂಡರು.

ಇಲಿಜ್ವರ ಎಂದರೆ ಇಲಿಯಿಂದಲೇ ಬರಬೇಕೆಂದಿಲ್ಲ. ಹಂದಿ, ನಾಯಿ, ಎಮ್ಮೆ, ಯಾವುದರ ಮೂತ್ರದಿಂದಲಾದರೂ ಕೆಸರುನೀರಿಗೆ ಇಳಿದು, ಕಾಲಿನ ಬಿರುಕಿನೊಳಗೆ ಹೊಕ್ಕೀತು. ದಾನಿಲೊ ನಾಟಿ ಮಾಡಿದ್ದ ಗದ್ದೆಗೆ ನೀರು ಬರುವುದು ಮೇಲಿನ ಹಳ್ಳದಿಂದ. ಆ ಹಳ್ಳದಲ್ಲಿ ಮಧ್ಯಾಹ್ನವೆಲ್ಲ ಬಿದ್ದುಕೊಂಡಿರುವುದು ಕ್ರಿಸಾಂತೊನ ಎಮ್ಮೆಗಳು. ಹಳ್ಳಿಯವರಿಗೆ ಇಷ್ಟು ಸಾಕಾಗಿತ್ತು. ಎಮ್ಮೆಗಳನ್ನು ಪರೀಕ್ಷಿಸಬೇಕೆಂದು ಆರೋಗ್ಯ ಇಲಾಖೆಯಿಂದ ನಮಗೆ ಪತ್ರ ಬಂತು.

ನಾನೂ ನನ್ನ ಜೊತೆಗಾರ ಅರ್ನೆಲ್ಲೂ ಬೆಳಿಗ್ಗೆ ಆರಕ್ಕೇ ವ್ಯಾನಿನಲ್ಲಿ ಹೊರಟೆವು. ಅರ್ನೆಲ್ ನಲವತ್ತರ ಹತ್ತಿರದವನು. ಮಾತು ಕಡಿಮೆ, ಕೈ ಚುರುಕು. ಕ್ರಿಸಾಂತೊ ಬಿದಿರಿನ ಗೇಟಿನ ಬಳಿ ಕಾಯುತ್ತಿದ್ದ. ಅರವತ್ತು ದಾಟಿದ ಒಣಕಲು ಮನುಷ್ಯ. ಅವನ ಹೆಂಡತಿ ಫೆಲಿಸಾ ಎಮ್ಮೆ ಹಾಲಿನಿಂದ ಪಾಸ್ತಿಲಾಸ್ ಮಾಡಿ, ಒಂದೊಂದು ಉಂಡೆಯನ್ನೂ ಬಿಳಿ ಕಾಗದದಲ್ಲಿ ಸುತ್ತಿ ಪೇಟೆಗೆ ಕಳಿಸುತ್ತಿದ್ದಳು. ಇಡೀ ಮನೆ ಆ ಸಿಹಿಯ ಮೇಲೆ ನಿಂತಿತ್ತು.

"ಒಟ್ಟು ಎಂಟು, ಮೇಡಂ. ಎಲ್ಲಾ ಇಲ್ಲೇ ಇವೆ," ಎಂದ ಕ್ರಿಸಾಂತೊ.

ಎಮ್ಮೆಯ ಮೂತ್ರ ಹಿಡಿಯುವುದು ತಾಳ್ಮೆಯ ಕೆಲಸ. ಬಾಲದ ಕೆಳಗೆ ಒದ್ದೆ ಬಟ್ಟೆಯಿಂದ ಸವರುತ್ತಾ ನಿಲ್ಲಬೇಕು. ಅದು ಮನಸ್ಸು ಮಾಡಿದಾಗ ಮೊದಲ ಧಾರೆ ಬಿಟ್ಟು ನಡುವಿನದನ್ನು ಲೋಟದಲ್ಲಿ ಹಿಡಿಯಬೇಕು. ಆರನೆಯದು ಮುಗಿಯುವ ಹೊತ್ತಿಗೆ ಮನೆಯ ಹಿಂದಿನ ಬಿದಿರುಮೆಳೆಯಿಂದ ಎಮ್ಮೆ ಕೂಗಿದ ಸದ್ದು ಕೇಳಿಸಿತು.

"ಅದ್ಯಾವ್ದು?" ಎಂದೆ.

ಕ್ರಿಸಾಂತೊ ನೆಲ ನೋಡಿದ. ಉತ್ತರ ಕೊಟ್ಟವಳು ಫೆಲಿಸಾ. "ಕರು ಹಾಕಿ ಐದು ದಿನ ಆಯ್ತು, ಮೇಡಂ. ಹೊಸಬ್ರ ದೃಷ್ಟಿ ತಗಲತ್ತೆ ಅಂತ ಆ ಕಡೆ ಕಟ್ಟಿದ್ವಿ. ಬೇರೇನಿಲ್ಲ."

"ಎಂಟು ಅಂದ್ರಲ್ಲ?"

"ಹಾಲು ಕರೆಯೋದು ಎಂಟೇ. ಅದಕ್ಕೆ ಹಂಗಂದ್ರು ನಮ್ಮವ್ರು."

ಆ ಎಮ್ಮೆಯದನ್ನೂ ಕರುವಿನದನ್ನೂ ಹಿಡಿದೆವು. ನಾನು ಕರುವಿನ ಹಣೆಗೆ ಎಂಜಲು ಸವರಿದ ಮೇಲೆಯೇ ಫೆಲಿಸಾ ನಮ್ಮನ್ನು ಬಿಟ್ಟಳು. ದೃಷ್ಟಿ ತಗಲದಿರಲೆಂದು ಹಾಗೆ ಮಾಡುವುದು ಇಲ್ಲಿನ ರೂಢಿ; ನಾನೂ ಚಿಕ್ಕಂದಿನಿಂದ ಕಂಡದ್ದೇ. ಆದರೆ ವ್ಯಾನ್ ಹತ್ತುವಾಗ ನನ್ನ ತಲೆಯಲ್ಲಿ ಉಳಿದದ್ದು ಒಂದೇ: ಈ ಮನುಷ್ಯ ಒಂದು ಎಮ್ಮೆ ಬಚ್ಚಿಟ್ಟಿದ್ದ.

"ಏನೋ ಮುಚ್ಚಿಡ್ತಿದಾನೆ," ಎಂದೆ ಅರ್ನೆಲ್‌ಗೆ.

"ಹೆದರ್ಕೊಂಡಿದಾನೆ ಮಾನಾಂಗ್. ಹೆದರಿದವ್ನಿಗೂ ಕಳ್ಳನಿಗೂ ಮುಖ ಒಂದೇ ಥರ ಇರತ್ತೆ," ಎಂದು ಅವನು ಗಾಡಿ ತಿರುಗಿಸಿದ. ಇಲ್ಲಿ ಅಕ್ಕನ ಸಮಾನರನ್ನು ಮಾನಾಂಗ್ ಎನ್ನುತ್ತಾರೆ, ಅಣ್ಣನ ಸಮಾನರನ್ನು ಮಾನೊಂಗ್.

ಹತ್ತೂ ಮಾದರಿಗಳನ್ನು ಅಂದೇ ಮಧ್ಯಾಹ್ನ ಟ್ಯೂಬುಗಳಿಗೆ ಹಾಕಿದೆವು. ಇಲಿಜ್ವರದ ಬ್ಯಾಕ್ಟೀರಿಯಾ ಬಲು ನಾಜೂಕಿನದು. ಸಾಮಾನ್ಯ ಸಾರಿನಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಮೊಲದ ಸೀರಮ್ ಬೇಕು. ಮೊಲದ ರಕ್ತ ಹೆಪ್ಪುಗಟ್ಟಿದ ನಂತರ ಮೇಲೆ ನಿಲ್ಲುವ ತಿಳಿ ಅದು, ಎಳೆ ಜೇನಿನ ಬಣ್ಣ. ಮನಿಲಾದಿಂದ ತರಿಸಿದರೆ ತಿಂಗಳುಗಟ್ಟಲೆ ತಡವಾಗುತ್ತದೆಂದು ನಾವೇ ಕಟ್ಟಡದ ಹಿಂದೆ ಹದಿನಾಲ್ಕು ಮೊಲ ಸಾಕಿದ್ದೆವು. ಸೀರಮ್ ತೆಗೆದು, ಯಾವ ಬ್ಯಾಕ್ಟೀರಿಯಾವೂ ದಾಟದಷ್ಟು ಸಣ್ಣ ತೂತಿನ ಫಿಲ್ಟರಿನಲ್ಲಿ ಸೋಸಿ, ಬಾಟಲಿಗೆ ತುಂಬಿಸುತ್ತಿದ್ದವಳು ನಾನೇ. ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರೆ ಒಂದು ಕಸವಿಲ್ಲದೆ ಹೊಳೆಯುತ್ತಿತ್ತು. ನಮ್ಮಲ್ಲಿಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದೆ.

ಈ ಬ್ಯಾಕ್ಟೀರಿಯಾ ನಿಧಾನದ್ದು ಕೂಡ. ವಾರಕ್ಕೊಮ್ಮೆ ಒಂದು ಹನಿ ತೆಗೆದು, ಕಪ್ಪು ಹಿನ್ನೆಲೆಯ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಎರಡು ತಿಂಗಳಾದರೂ ಕಾಯಬೇಕು. ನಾಲ್ಕು ವಾರ ಏನೂ ಕಾಣಲಿಲ್ಲ. ಐದನೆಯ ವಾರ ಮೂರನೆಯ ಟ್ಯೂಬಿನಲ್ಲಿ ಬೆಳ್ಳಿಯ ಎಳೆಯೊಂದು ಕಾಣಿಸಿತು. ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗೆ, ಎರಡೂ ತುದಿ ಕೊಕ್ಕೆಯ ಹಾಗೆ ಬಾಗಿ, ತಿರುಗುತ್ತಾ ಈಜುತ್ತಿತ್ತು. ಮುಂದಿನ ವಾರದೊಳಗೆ ಹತ್ತಕ್ಕೆ ಹತ್ತೂ ಟ್ಯೂಬಿನಲ್ಲಿ ಎಳೆಗಳು ತುಂಬಿದವು. ಐದು ದಿನದ ಕರುವಿನದೂ ಸೇರಿ.

ನಮ್ಮ ಮುಖ್ಯಸ್ಥ ಡಾಕ್ಟರ್ ಹೆರ್ನಾನಿ, ನಮ್ಮೆಲ್ಲರ ಬಾಯಲ್ಲಿ ದೊಕ್, ಮೈಕ್ರೋಸ್ಕೋಪಿನಿಂದ ತಲೆ ಎತ್ತಿದಾಗ ಮುಖ ಅರಳಿತ್ತು. ನನಗಿಂತ ಹದಿನೈದು ವರ್ಷ ಚಿಕ್ಕವರು. ಕೆಟ್ಟವರಲ್ಲ, ಅವಸರದವರು.

"ಹತ್ತಕ್ಕೆ ಹತ್ತು! ಮಾನಾಂಗ್ ಪುರಿಂಗ್, ಇಂಥದ್ದು ನಾನು ಎಲ್ಲೂ ಓದಿಲ್ಲ."

"ಕರುಗೂ ಬಂದಿದೆಯಲ್ಲ, ದೊಕ್. ಅದು ಹುಲ್ಲೇ ಮುಟ್ಟಿರ್ಲಿಲ್ಲ."

"ಹೊಟ್ಟೆಲಿರೋವಾಗ್ಲೇ ತಾಯಿಯಿಂದ ಬಂದಿರತ್ತೆ. ವರದಿ ಬರೀರಿ. ಒಂದು ಜೀವ ಹೋಗಿದೆ, ಇನ್ನೊಂದು ಹೋಗೋವರೆಗೂ ಕಾಯೋಕಾಗಲ್ಲ."

ಅದೂ ನಿಜವೇ. ಬಚ್ಚಿಟ್ಟ ಎಮ್ಮೆ ನೆನಪಾಯಿತು. ನಾನು ವರದಿ ಬರೆದು ಸಹಿ ಹಾಕಿದೆ.

ಎರಡೇ ದಿನದಲ್ಲಿ ಕ್ರಿಸಾಂತೊನ ಗೇಟಿನ ಮೇಲೆ ನೋಟೀಸು ಅಂಟಿತು. ಹಾಲು ಮಾರಬಾರದು, ಎಮ್ಮೆಗಳನ್ನು ಹಳ್ಳಕ್ಕೆ ಬಿಡಬಾರದು, ಉಳುಮೆಗೆ ಕೊಡಬಾರದು. ಫೆಲಿಸಾಳ ಪಾಸ್ತಿಲಾಸ್ ಪೇಟೆಯ ಅಂಗಡಿಗಳಿಂದ ಡಬ್ಬಿಗಟ್ಟಲೆ ವಾಪಸು ಬಂತು. ದಾನಿಲೊನ ಅಣ್ಣ ರುಫೋ ಗೇಟಿನ ಮುಂದೆ ನಿಂತು, "ನನ್ ತಮ್ಮನ್ನ ಕೊಂದು ಸಿಹಿ ಮಾರ್ತಿದ್ರಲ್ಲೋ!" ಎಂದು ಕೂಗಿದನಂತೆ. ಒಂದು ಭಾನುವಾರ ಚರ್ಚಿನಲ್ಲಿ ಗಂಡ ಹೆಂಡತಿ ಕೂತ ಬೆಂಚಿನಿಂದ ಎಲ್ಲರೂ ಎದ್ದುಹೋದರಂತೆ. ಇದನ್ನೆಲ್ಲ ನನಗೆ ಹೇಳಿದವನು ಆ ಊರಿನ ಕಡೆ ಜನರನ್ನು ಸಾಗಿಸುವ ಜೀಪ್ನಿ ಓಡಿಸುವ ನನ್ನ ಭಾವಮೈದ. ಕೇಳಿ ಬೇಜಾರಾಯಿತು, ಆದರೂ ಸರಿಯಾದ ಕೆಲಸವನ್ನೇ ಮಾಡಿದ್ದೇನೆ ಅಂದುಕೊಂಡೆ.

ನನ್ನ ನಂಬಿಕೆಗೆ ಪೆಟ್ಟು ಕೊಟ್ಟದ್ದು ಆಡುಗಳು. ಎದುರಿನ ದ್ವೀಪ ಗಿಮಾರಾಸಿನಿಂದ ಒಬ್ಬರು ಹನ್ನೆರಡು ಆಡುಗಳ ಮಾದರಿ ಕಳಿಸಿದ್ದರು. ಆಡುಗಳನ್ನು ದೂರದೂರಿಗೆ ಮಾರಬೇಕಿತ್ತು, ರೋಗವಿಲ್ಲ ಎಂಬ ಚೀಟಿ ಬೇಕಿತ್ತು. ಕಲ್ಲುಗುಡ್ಡದ ಮೇಲೆ ಒಣಭೂಮಿಯಲ್ಲಿ ಮೇಯುವ ಆಡುಗಳು. ಕೆಸರಿನ ಮುಖ ಕಂಡವಲ್ಲ. ಅಕ್ಟೋಬರ್ ಮೊದಲ ವಾರ ಹನ್ನೆರಡಕ್ಕೆ ಹನ್ನೆರಡೂ ಟ್ಯೂಬಿನಲ್ಲಿ ಬೆಳ್ಳಿ ಎಳೆಗಳು ಈಜಾಡುತ್ತಿದ್ದವು.

"ಇಡೀ ಪ್ರಾಂತ್ಯಕ್ಕೇ ಹರಡಿದೆ," ಎಂದರು ದೊಕ್ ಹೆರ್ನಾನಿ.

ಅಂದಿನಿಂದ ನನ್ನ ಸಂಶಯ ಊರು ಬಿಟ್ಟು ನಮ್ಮ ಕಟ್ಟಡದೊಳಗೆ ಬಂದು ಕೂತಿತು.

ಮೊದಲು ಅದು ಹೋಗಿ ಕೂತದ್ದು ಅರ್ನೆಲ್‌ನ ಹೆಗಲ ಮೇಲೆ. ಅವನ ಸೋದರಮಾವ ಪಕ್ಕದ ಊರಿನಲ್ಲಿ ವಿದೇಶಿ ತಳಿಯ ಹಸು ಸಾಕಿದ್ದ. ಕ್ರಿಸಾಂತೊನ ಹಾಲು ನಿಂತ ಮೇಲೆ ಪೇಟೆಯ ಹೋಟೆಲಿನವರು ಅಲ್ಲಿಂದಲೇ ಹಾಲು ತರಿಸುತ್ತಿದ್ದಾರೆಂದು ಭಾವಮೈದ ಹೇಳಿದ್ದ. ಒಂದು ದಿನ ಅರ್ನೆಲ್ ತನ್ನ ಮೋಟಾರ್‌ಸೈಕಲ್ಲಿಗೆ ಹಾಲಿನ ಬಾಟಲಿಗಳ ಚೀಲ ತೂಗುಹಾಕಿಕೊಂಡು ಬಂದದ್ದನ್ನು ನಾನೇ ಕಂಡೆ. ಎಲ್ಲ ಟ್ಯೂಬುಗಳಿಗೂ ಮಾದರಿ ಹಾಕಿದವನು ಅವನೇ. ಒಂದು ಟ್ಯೂಬಿನ ಹನಿಯನ್ನು ಉಳಿದವುಗಳಿಗೆ ದಾಟಿಸುವುದು ಎಷ್ಟರ ಕೆಲಸ?

ಟ್ಯೂಬುಗಳ ಸ್ಟ್ಯಾಂಡನ್ನು ಬೀಗದ ಕಪಾಟಿಗೆ ಸೇರಿಸಿದೆ. ಮುಚ್ಚಳಗಳ ಮೇಲೆ ಪೆನ್ಸಿಲಿನಿಂದ ಕಾಣದಷ್ಟು ಸಣ್ಣ ಗೆರೆ ಎಳೆದೆ, ಯಾರಾದರೂ ತಿರುಗಿಸಿದರೆ ಗೊತ್ತಾಗಲೆಂದು. ಅವನು ಊಟಕ್ಕೆ ಹೋದಾಗ ಅವನ ಮೇಜಿನ ಖಾನೆ ತೆರೆದು ನೋಡಿದೆ. ಒಂದು ಜಪಮಾಲೆ, ಹಲ್ಲುನೋವಿನ ಗುಳಿಗೆ, ಮಗಳ ಶಾಲೆಯ ಫೋಟೊ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಎಷ್ಟು ಚೆನ್ನಾಗಿ ಅಡಗಿಸಿಟ್ಟಿದ್ದಾನೆ ಎನಿಸಿತು.

ನಾಲ್ಕನೆಯ ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಅರ್ನೆಲ್, ನಿನ್ ಮಾವನ ಹಾಲು ಈಗ ಚೆನ್ನಾಗಿ ಹೋಗ್ತಿದ್ಯಂತೆ?"

ಅವನು ಪಿಪೆಟ್ಟನ್ನು ಮೆಲ್ಲಗೆ ಕೆಳಗಿಟ್ಟ. "ಹೋಗ್ತಿದೆ. ಯಾಕೆ?"

"ಸುಮ್ನೆ ಕೇಳ್ದೆ."

"ನೀವು ಸುಮ್ನೆ ಏನೂ ಕೇಳಲ್ಲ, ಮಾನಾಂಗ್. ಕಪಾಟಿಗೆ ಬೀಗ ಬಿದ್ದಿದೆ. ನನ್ ಖಾನೆಲಿದ್ದ ಫೋಟೊ ತಲೆಕೆಳಗಾಗಿದೆ. ನೇರವಾಗೇ ಹೇಳಿ."

ನಾನು ಮುಂದಿನ ಟ್ಯೂಬಿಗೆ ಚೀಟಿ ಅಂಟಿಸತೊಡಗಿದೆ. ಅವನು ಕೈಗವಸು ಬಿಚ್ಚಿ ಕಸದ ಡಬ್ಬಿಗೆ ಹಾಕಿ ಹೊರಟುಹೋದ. ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಪ್ರಯೋಗಾಲಯದ ದೊಡ್ಡ ದಾಖಲೆ ಪುಸ್ತಕ ತೆರೆದಿಟ್ಟಿತ್ತು. ಪಕ್ಕದಲ್ಲಿ ಅರ್ನೆಲ್ ಕೈಕಟ್ಟಿ ನಿಂತಿದ್ದ.

"ನನ್ ಮೇಲೆ ಅನುಮಾನ ಇದ್ರೆ ಇರ್ಲಿ. ನನ್ನನ್ನ ಹುಡುಕಿದ ಹಾಗೆ ಇದನ್ನೂ ಒಂದ್ಸಲ ಹುಡುಕಿ."

ಅವನು ಬೆರಳಿಟ್ಟ ಕಡೆ ನೋಡಿದೆ. ಪ್ರತಿ ಸಲವೂ ಮಾದರಿಯ ಟ್ಯೂಬುಗಳ ಜೊತೆಗೆ ಏನೂ ಹಾಕದ ಎರಡು ಖಾಲಿ ಟ್ಯೂಬುಗಳನ್ನು ಇಡುವುದು ನಿಯಮ. ಅವುಗಳಲ್ಲಿ ನಮ್ಮ ಸಾರು, ನಮ್ಮ ಸೀರಮ್ ಮಾತ್ರ. ಅವುಗಳಲ್ಲೂ ಏನಾದರೂ ಬೆಳೆದರೆ ತಪ್ಪು ಪ್ರಾಣಿಯದಲ್ಲ, ನಮ್ಮದು. ಆ ಅಂಕಣದಲ್ಲಿ ಸಾಲಾಗಿ ಬರೆದಿತ್ತು: 'ಹತ್ತನೆಯ ದಿನ. ತಿಳಿಯಾಗಿದೆ. ಎಸೆಯಲಾಗಿದೆ.' ಪ್ರತಿ ಸಾಲಿನ ಮುಂದೆಯೂ ನನ್ನ ಸಹಿ.

ಸ್ಟ್ಯಾಂಡಿನಲ್ಲಿ ಜಾಗ ಸಾಲುತ್ತಿರಲಿಲ್ಲ. ಬೇರೆ ಬ್ಯಾಕ್ಟೀರಿಯಾ ಸೇರಿದ್ದರೆ ಮೂರು ದಿನದಲ್ಲಿ ಟ್ಯೂಬು ಮಬ್ಬಾಗುತ್ತದೆ. ಹತ್ತು ದಿನ ಧಾರಾಳವಾಯಿತು ಎಂದು ನಾಲ್ಕು ವರ್ಷದ ಹಿಂದೆ ನಾನೇ ತೀರ್ಮಾನಿಸಿದ್ದೆ. ಈ ಎಳೆಗಳು ಕಣ್ಣಿಗೆ ಬೀಳಲು ಐದು ವಾರ ಬೇಕು. ಮಾದರಿಯ ಟ್ಯೂಬುಗಳನ್ನು ಎರಡು ತಿಂಗಳು ಕಾದು ನೋಡುತ್ತಿದ್ದೆವು. ಖಾಲಿ ಟ್ಯೂಬುಗಳು ತಮ್ಮ ಮಾತು ಹೇಳುವ ಮೊದಲೇ ಎಸೆಯುತ್ತಿದ್ದೆವು.

ಕುರ್ಚಿ ಎಳೆದು ಕೂತುಕೊಂಡೆ.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿದ್ರೆ ಹೇಳ್ತಿರ್ಲಿಲ್ವಾ? ನಿನ್ನೆ ಮನೆಗ್ ಹೋಗಿ ಕೋಪದಲ್ಲಿ ಕೂತಾಗ ಹೊಳೀತು," ಎಂದ ಅರ್ನೆಲ್.

ಅಂದೇ ಆ ಟ್ಯೂಬುಗಳಿಗೆಲ್ಲ ಹಾಕಿದ್ದ ಬಾಟಲಿಯ ಸೀರಮನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಳಕ್ಕೆ ಕೂತ ಹನಿಯನ್ನು ನೋಡಿದೆ. ಒಂದು ಗಂಟೆ ಹುಡುಕಿದ ಮೇಲೆ ಒಂದು ಎಳೆ ಸಿಕ್ಕಿತು. ದೊಕ್ ಹೆರ್ನಾನಿಯನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇದು ರಕ್ತದ ನಾರು. ಹೊಸಬ್ರು ಮೋಸ ಹೋಗ್ತಾರೆ, ನೀವೂ ಹೋಗ್ತೀರಾ?" ಎಂದರು.

"ಈಜ್ತಿದೆ, ದೊಕ್."

"ನೀರು ಅಲ್ಲಾಡಿದ್ರೆ ನಾರೂ ಅಲ್ಲಾಡತ್ತೆ."

ಅವರನ್ನು ದೂರಲಾರೆ. ರಕ್ತದ ನಾರು ಎಷ್ಟೋ ಸಲ ಹಾಗೇ ಕಾಣುತ್ತದೆ. ಒಂದು ಎಳೆಯನ್ನು ಹಿಡಿದುಕೊಂಡು ವರದಿ ಹಿಂತೆಗೆದುಕೊಳ್ಳಿ ಎಂದು ಹೇಳುವುದು ನನ್ನಿಂದಲೂ ಆಗುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ. ನಮ್ಮ ಮೊಲದ ಸೀರಮ್ ಹಾಕಿದ ಆರು ಖಾಲಿ ಟ್ಯೂಬು, ಮನಿಲಾದಿಂದ ಬಂದಿದ್ದ ಹಳೆಯ ಬಾಟಲಿಯ ಸೀರಮ್ ಹಾಕಿದ ಆರು ಖಾಲಿ ಟ್ಯೂಬು. ಅಕ್ಟೋಬರ್ ಎಂಟರಂದು ಅವನ್ನು ಸಾಲಾಗಿ ಇಟ್ಟು, ಕಪಾಟಿನ ಎರಡನೆಯ ಬೀಗದಕೈಯನ್ನು ಅರ್ನೆಲ್‌ಗೆ ಕೊಟ್ಟೆ. ಅವನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡ.

ಕಾಯುತ್ತಾ ಕೂರಲು ಮನಸ್ಸು ಒಪ್ಪಲಿಲ್ಲ. ಸೀರಮಿನೊಳಗೆ ಆ ಎಳೆ ಬಂದದ್ದಾದರೂ ಎಲ್ಲಿಂದ? ಹದಿನಾಲ್ಕು ಮೊಲಗಳನ್ನೂ ನೋಡಿದೆ, ಎಲ್ಲ ಕೊಬ್ಬಿಕೊಂಡಿದ್ದವು. ಗಾಜಿನ ಸಾಮಾನು ತೊಳೆಯುವ ನಾನಾಯ್ ಪಾನ್ಸಾಯ್ ಮೇಲೆ ಕಣ್ಣು ಹೋಯಿತು. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಅಲ್ಲಿರುವ ಮುದುಕಿ. ಎಲ್ಲರೂ ಅವಳನ್ನು ಅಮ್ಮ ಎಂದೇ, ನಾನಾಯ್ ಎಂದೇ ಕರೆಯುವುದು; ಅವಳಿಗೆ ನಾನು ಇಂದಾಯ್, ಮಗಳು.

"ನಾನಾಯ್, ಮೊಲದ ರಕ್ತ ಹಿಡಿಯೋ ಗಾಜಿನ ಪಾತ್ರೆ ಯಾವ ನೀರಲ್ಲಿ ತೊಳೀತೀಯ?"

ಅವಳು ಸಿಂಕಿನಿಂದ ತಿರುಗದೆಯೇ ಹೇಳಿದಳು, "ಮೇ ತಿಂಗಳಿಂದ ಮಾಡಿ ಮೇಲಿನ ಮಳೆನೀರಿನ ಟ್ಯಾಂಕಿಂದು."

"ಬಟ್ಟಿ ಇಳಿಸಿದ ನೀರಲ್ಲಿ ಅಲ್ವಾ?"

ಈಗ ತಿರುಗಿದಳು. "ಇಂದಾಯ್, ನೆನಪಿಲ್ವಾ? ನಲ್ಲಿ ನೀರು ನಿಂತಾಗ ನಾನೇ ನಿನ್ ಹತ್ರ ಬಂದು ಕೇಳ್ದೆ. ಕೊನೇದಾಗಿ ಟ್ಯಾಂಕಿನ್ ನೀರಲ್ಲಿ ತೊಳೆದ್ರೆ ಸಾಕಾ, ಆವೀಲಿ ಬೇಯಿಸ್ಬೇಕಾ ಅಂತ. ನೀನೇನಂದೆ? 'ಹೆಂಗಿದ್ರೂ ಆಮೇಲೆ ಫಿಲ್ಟರಲ್ಲಿ ಸೋಸ್ತೀವಲ್ಲ, ನಡೀತದೆ' ಅಂದೆ. ಈಗ ನನ್ ಕಡೆ ಹಂಗ್ ನೋಡ್ಬೇಡ."

ನೆನಪಾಯಿತು. ಸೀರಮನ್ನು ಅರ್ಧ ಗಂಟೆ ಬಿಸಿ ಮಾಡುವ ನೀರಿನ ತೊಟ್ಟಿಯೂ ಏಪ್ರಿಲ್‌ನಲ್ಲೇ ಕೆಟ್ಟಿತ್ತು. ಆಗಲೂ ಅದೇ ಮಾತು ಹೇಳಿದ್ದೆ, ಫಿಲ್ಟರ್ ಇದೆಯಲ್ಲ. ಎಷ್ಟೋ ಬ್ಯಾಕ್ಟೀರಿಯಾಗಳನ್ನು ತಡೆಯುವ ಆ ತೂತುಗಳಲ್ಲಿ, ಇಷ್ಟು ತೆಳ್ಳಗಿರುವ ಎಳೆಯೊಂದು ತಿರುಚಿಕೊಂಡು ನುಸುಳಬಹುದು ಎಂದು ಓದಿದ್ದೆ ಕೂಡ. ಓದಿದ್ದು ಬೇರೆಯವರ ಪ್ರಯೋಗಾಲಯದಲ್ಲಿ ಆಗುವ ಸಂಗತಿಯ ಹಾಗಿತ್ತು.

ಅಕ್ಟೋಬರ್ ಕೊನೆಯಲ್ಲಿ ರಜೆ ಹಾಕಿ ಒಬ್ಬಳೇ ತಾಲಾಂಗ್‌ಬಾನಿಗೆ ಹೋದೆ. ಯಾಕೆ ಹೋದೆನೆಂದು ಆಗ ನನಗೇ ಸ್ಪಷ್ಟವಿರಲಿಲ್ಲ. ಬಾಡಿಗೆ ಟ್ರೈಸಿಕಲ್ಲಿನವನು ಗೇಟಿನ ತನಕ ಬರಲೊಪ್ಪದೆ ತಿರುವಿನಲ್ಲೇ ಇಳಿಸಿದ. ಅಂಗಳದಲ್ಲಿ ಕ್ರಿಸಾಂತೊ ಬಕೆಟ್ಟಿನಿಂದ ಎಮ್ಮೆಗಳ ಬೆನ್ನಿಗೆ ನೀರು ಹೊಯ್ಯುತ್ತಿದ್ದ. ಹಳ್ಳಕ್ಕಿಳಿಯದೆ ಅವುಗಳ ಚರ್ಮ ಬಿರಿದು, ಮೇಲೆಲ್ಲ ನೊಣ ಮುತ್ತಿತ್ತು. ಎಣಿಸಿದೆ. ಕರು ಬಿಟ್ಟರೆ ಆರೇ ಇದ್ದವು.

"ಮೂರು ಕಸಾಯಿಯವನಿಗೆ ಕೊಟ್ಟೆ," ಎಂದ, ನಾನು ಕೇಳುವ ಮೊದಲೇ. "ಆ ಕರುವಿನ ತಾಯಿನೂ ಹೋಯ್ತು. ಮೇವು ತರೋಕೆ ಯಾರೂ ಅವರ ಗದ್ದೆಗೆ ಬಿಡಲ್ಲ ಮೇಡಂ. ಉಪವಾಸ ಸಾಯ್ಸೋದಕ್ಕಿಂತ ಅದೇ ವಾಸಿ ಅನ್ನಿಸ್ತು."

ಫೆಲಿಸಾ ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿದಳು. ಕಾಫಿ ಕೊಟ್ಟಳು. ತಟ್ಟೆಯಲ್ಲಿ ನಾಲ್ಕು ಪಾಸ್ತಿಲಾಸ್ ಇಟ್ಟು ನನ್ನ ಮುಂದೆ ಸರಿಸಿದಳು. "ಮನೆಗೆ ಅಂತ ಮಾಡಿದ್ದು. ತಗೊಳ್ಳಿ."

ನನಗೆ ಗೊತ್ತಿತ್ತು: ಒಂದು ತಾಸು ಬೆಂಕಿಯ ಮೇಲೆ ಕೆದಕಿ ಬೇಯಿಸಿದ ಹಾಲು ಅದು, ಯಾವ ಬ್ಯಾಕ್ಟೀರಿಯಾವೂ ಅದರಲ್ಲಿ ಬದುಕದು. ಈ ಎಮ್ಮೆಗಳಲ್ಲಿ ರೋಗವೇ ಇಲ್ಲವೇನೋ ಎಂಬುದೂ ನನ್ನ ತಲೆಯಲ್ಲಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ಬಹುಶಃ ಮೂರು ಉಸಿರಿನಷ್ಟು ಹೊತ್ತು. ಫೆಲಿಸಾ ಆ ಕೈಯನ್ನೇ ನೋಡುತ್ತಿದ್ದಳು. ನಾನು ಕೊನೆಗೆ ಒಂದನ್ನೆತ್ತಿಕೊಳ್ಳುವಷ್ಟರಲ್ಲಿ ಅವಳು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಾಗಿತ್ತು.

"ಬೇಡ ಬಿಡಿ, ಮೇಡಂ," ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. "ನೀವೇ ತಿನ್ನಲ್ಲ ಅಂದ್ಮೇಲೆ ಅವ್ರನ್ನ ಏನು ಅನ್ನೋದು."

ಆಗ ಹೇಳಿಬಿಡಬೇಕಿತ್ತು: ತಪ್ಪು ನಮ್ಮದಿರಬಹುದು, ಇನ್ನು ಯಾವ ಎಮ್ಮೆಯನ್ನೂ ಮಾರಬೇಡಿ ಎಂದು. ನಾಲಗೆಯ ತುದಿಗೂ ಬಂತು. ಆದರೆ ಟ್ಯೂಬುಗಳಲ್ಲಿ ಇನ್ನೂ ಏನೂ ಬೆಳೆದಿರಲಿಲ್ಲ, ಬೆಳೆಯದೇ ಹೋದರೆ? ಕಾಫಿ ಮುಗಿಸಿ ಎದ್ದೆ. ಗೇಟಿನ ಬಳಿ ನಿಂತು, "ಮಾನೊಂಗ್, ಇನ್ನೆರಡು ವಾರ ಯಾವುದನ್ನೂ ಕೊಡ್ಬೇಡಿ. ಯಾಕೆ ಅಂತ ಕೇಳ್ಬೇಡಿ," ಎಂದಷ್ಟೇ ಹೇಳಿದೆ. ಕ್ರಿಸಾಂತೊ ನನ್ನ ಮುಖವನ್ನೇ ನೋಡಿದ. ಇವಳು ಇನ್ನೇನು ತಂದಿಡುತ್ತಾಳೋ ಎನ್ನುವ ನೋಟ ಅದು.

ನವೆಂಬರ್ ಹತ್ತರಂದು, ಟ್ಯೂಬಿಟ್ಟ ಮೂವತ್ತಮೂರನೆಯ ದಿನ, ಅರ್ನೆಲ್ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದ. ಮೊದಲನೆಯ ಖಾಲಿ ಟ್ಯೂಬಿನ ಹನಿಯಿಟ್ಟು ನೋಡಿದ. ಎದ್ದು ನನಗೆ ಜಾಗ ಬಿಟ್ಟುಕೊಟ್ಟ. ಕಪ್ಪು ಹಿನ್ನೆಲೆಯ ತುಂಬ ಬೆಳ್ಳಿ ಎಳೆಗಳು. ನಮ್ಮ ಮೊಲದ ಸೀರಮಿನ ಆರು ಟ್ಯೂಬಿನಲ್ಲೂ ಇದ್ದವು. ಮನಿಲಾದ ಸೀರಮಿನ ಆರರಲ್ಲಿ ಒಂದರಲ್ಲೂ ಇರಲಿಲ್ಲ.

ದೊಕ್ ಹೆರ್ನಾನಿ ಹನ್ನೆರಡನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಲೇ ಕೂತರು. "ಈ ಹತ್ತಕ್ಕೆ ಹತ್ತರ ಬಗ್ಗೆ ಮಾತಾಡೋಕೆ ಸೆಬುವಿನ ಸಮ್ಮೇಳನಕ್ಕೆ ನನ್ನ ಹೆಸರು ಕೊಟ್ಟಾಗಿದೆ," ಎಂದರು. ಕನ್ನಡಕ ಹಾಕಿಕೊಂಡು, "ವಾಪಸ್ ತಗೋತೀನಿ. ಹಳ್ಳಿಗೆ ಪತ್ರ ಕಳಿಸೋಣ," ಎಂದರು.

"ಪತ್ರ ಸಾಲಲ್ಲ, ದೊಕ್. ಸಹಿ ನಂದು. ನಾನೇ ಹೋಗ್ತೀನಿ."

ಆ ಎಳೆಗಳು ನೀರಿನಲ್ಲಿ ತಮ್ಮ ಪಾಡಿಗೆ ಬದುಕುವ, ಯಾರಿಗೂ ಕೇಡು ಮಾಡದ ಜಾತಿಯವೆಂದು ಆಮೇಲೆ ಮನಿಲಾದ ಪರೀಕ್ಷೆಯಿಂದ ತಿಳಿಯಿತು. ನಮ್ಮ ಮಳೆನೀರಿನ ಟ್ಯಾಂಕಿನ ಗೋಡೆಯ ಲೋಳೆಯಲ್ಲೂ ಅವೇ ಇದ್ದವು. ರೋಗದ ಬ್ಯಾಕ್ಟೀರಿಯಾಕ್ಕೂ ಅವಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲ. ಜೇನುಬಣ್ಣದ ಆ ತಿಳಿಯಲ್ಲಿ, ಫ್ರಿಜ್ಜಿನ ಚಳಿಯಲ್ಲಿ, ತಿಂಗಳುಗಟ್ಟಲೆ ಸುಮ್ಮನೆ ಜೀವ ಹಿಡಿದುಕೊಂಡಿದ್ದವು.

ಹಳ್ಳಿಯ ಸಭಾಮಂಟಪದಲ್ಲಿ ಊರಿನ ಮುಖ್ಯಸ್ಥ, ಅಲ್ಲಿನವರ ಬಾಯಲ್ಲಿ ಕಪಿತಾನ್, ಜನರನ್ನು ಸೇರಿಸಿದ್ದ. ಅರ್ನೆಲ್ ನನ್ನ ಜೊತೆ ಬಂದಿದ್ದ. ಕ್ರಿಸಾಂತೊ, ಫೆಲಿಸಾ ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದರು. ಅವರ ಸುತ್ತ ಜಾಗ ಖಾಲಿಯಿತ್ತು. ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ: ಮೊಲ, ಟ್ಯಾಂಕಿನ ನೀರು, ಕೆಟ್ಟ ತೊಟ್ಟಿ, ಹತ್ತು ದಿನಕ್ಕೆ ಎಸೆದ ಟ್ಯೂಬು. ಒಂದನ್ನೂ ಬಿಡಲಿಲ್ಲ.

ಮೊದಲು ಎದ್ದವನು ರುಫೋ. "ಅವತ್ತು ಎಮ್ಮೆಗೆ ರೋಗ ಇದೆ ಅಂದ್ರಿ. ನಂಬಿದ್ವಿ. ಇವತ್ತು ಇಲ್ಲ ಅಂತೀರಿ. ಇವತ್ತಿಂದು ಸರಿ ಅಂತ ಹೆಂಗ್ ನಂಬೋದು?"

"ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ ಅಂತ ಹೇಳಿದ್ದು ತಪ್ಪು ಅಂತಿದೀನಿ. ಮತ್ತೆ ಮಾದರಿ ತಗೋಬೇಕು. ಎರಡು ತಿಂಗಳು ಬೇಕು."

"ಹಂಗಾದ್ರೆ ನನ್ ತಮ್ಮನ್ನ ಕೊಂದಿದ್ದು ಯಾವ್ದು?"

"ಗೊತ್ತಿಲ್ಲ, ರುಫೋ."

ಗುಜುಗುಜು ಎದ್ದಿತು. ಯಾರೋ ಹೆಂಗಸು ಹಿಂದಿನಿಂದ, "ದುಡ್ಡು ತಿಂದಿರ್ಬೇಕು, ಅದಕ್ಕೇ ಮಾತು ತಿರುಗಿಸ್ತಾಳೆ," ಎಂದದ್ದು ಕಿವಿಗೆ ಬಿತ್ತು. ಆಗ ಕ್ರಿಸಾಂತೊ ಕಂಬ ಬಿಟ್ಟು ಮುಂದೆ ಬಂದ. ನನ್ನ ಪರವಾಗಿ ಮಾತಾಡುತ್ತಾನೆ ಅಂದುಕೊಂಡೆ.

"ನಂಗೂ ಇವರ ಮೇಲೆ ನಂಬಿಕೆ ಇಲ್ಲ," ಎಂದ. "ಮಾದರಿ ತಗೊಳ್ಲಿ. ಆದ್ರೆ ನಾನೂ ಜೊತೆಗೆ ಹೋಗ್ತೀನಿ. ಟ್ಯೂಬಿಗೆ ಏನ್ ಹಾಕ್ತಾರೆ, ಎಲ್ಲಿ ಇಡ್ತಾರೆ ಎಲ್ಲಾ ನೋಡ್ತೀನಿ. ರುಫೋ, ನೀನೂ ಬಾ."

ರುಫೋ ಅವನ ಕಡೆ ತಿರುಗಿದ. "ಬರ್ತೀನಿ," ಎಂದ.

ಮರುದಿನ ಮಾದರಿಗಳ ಪೆಟ್ಟಿಗೆಯ ಆಚೆ ಈಚೆ ಇಬ್ಬರೂ ವ್ಯಾನಿನಲ್ಲಿ ಕೂತು ಬಂದರು. ರುಫೋನ ಗದ್ದೆಯಲ್ಲಿ ಹಿಡಿದ ನಾಲ್ಕು ಇಲಿಗಳ ಮಾದರಿಯೂ ಪೆಟ್ಟಿಗೆಯಲ್ಲಿತ್ತು. ಅದನ್ನು ಕೇಳಿದವನು ಕ್ರಿಸಾಂತೊ, ಹಿಡಿದುಕೊಟ್ಟವನು ರುಫೋನೇ. ಮನಿಲಾದಿಂದ ಬಂದ ಹೊಸ ಸೀರಮಿನ ಬಾಟಲಿಯ ಮುದ್ರೆಯನ್ನು ಅವರ ಎದುರಿಗೇ ಒಡೆದೆವು. ಹತ್ತು ಖಾಲಿ ಟ್ಯೂಬುಗಳನ್ನಿಟ್ಟೆ. ಕ್ರಿಸಾಂತೊ ಸ್ಟ್ಯಾಂಡಿನ ಮೇಲೆ ಸುತ್ತಿದ ಕಾಗದಕ್ಕೆ ತನ್ನ ಹೆಬ್ಬೆಟ್ಟಿನ ಗುರುತು ಒತ್ತಿದ. ಪಕ್ಕದಲ್ಲಿ ರುಫೋ ಸಹಿ ಮಾಡಿದ.

ಜನವರಿಯವರೆಗೆ ಪ್ರತಿ ಶುಕ್ರವಾರ ಅವರಲ್ಲೊಬ್ಬ ಬರುತ್ತಿದ್ದ. ಮೈಕ್ರೋಸ್ಕೋಪಿಗೆ ಕಣ್ಣಿಡುವುದನ್ನು ಅರ್ನೆಲ್ ಇಬ್ಬರಿಗೂ ಕಲಿಸಿದ. ಆರನೆಯ ವಾರ ಇಲಿಗಳ ಎರಡು ಟ್ಯೂಬಿನಲ್ಲಿ ಎಳೆಗಳು ಎದ್ದವು. ಮನಿಲಾದವರು ಅವು ರೋಗದ ಜಾತಿಯವೇ ಎಂದು ಖಚಿತಪಡಿಸಿದರು. ಎಮ್ಮೆಗಳದು ಏಳು ಟ್ಯೂಬು, ಕರುವಿನದೂ ಸೇರಿ. ಕೊನೆಯ ದಿನದವರೆಗೆ ಅವುಗಳಲ್ಲೂ ಖಾಲಿ ಟ್ಯೂಬುಗಳಲ್ಲೂ ಒಂದು ಎಳೆಯೂ ಕಾಣಲಿಲ್ಲ. ಕಸಾಯಿಗೆ ಹೋದ ಮೂರು ಎಮ್ಮೆಗಳ ವಿಷಯ ಯಾವ ಟ್ಯೂಬೂ ಹೇಳಲಾರದು. ನಾನು ವರದಿಯಲ್ಲಿ ಹಾಗೆಯೇ ಬರೆದೆ.

ಗೇಟಿನ ನೋಟೀಸು ಕಿತ್ತರು. ಎಮ್ಮೆಗಳು ಹಳ್ಳಕ್ಕಿಳಿದ ದಿನ ಅರ್ಧ ಊರು ದಡದಲ್ಲಿ ನಿಂತು ನೋಡಿತಂತೆ. ಪೇಟೆಯ ಎರಡು ಅಂಗಡಿ ಮತ್ತೆ ಫೆಲಿಸಾಳ ಸಿಹಿ ತೆಗೆದುಕೊಳ್ಳುತ್ತಿವೆ. ಉಳಿದವರು ಇವತ್ತಿಗೂ ಇಲ್ಲ. ನಾನು ವರದಿಯ ಪ್ರತಿ ಕೊಡಲು ಹೋದಾಗ ಫೆಲಿಸಾ ಅದನ್ನು ಬಾಗಿಲಲ್ಲೇ ಈಸಿಕೊಂಡಳು; ಒಳಗೆ ಕರೆಯಲಿಲ್ಲ. ಕರೆಯಲಿ ಎಂದು ನಿರೀಕ್ಷಿಸುವ ಹಕ್ಕೂ ನನಗಿರಲಿಲ್ಲ.

ಅರ್ನೆಲ್‌ನ ಕ್ಷಮೆ ಕೇಳಿದೆ. "ಸರಿ ಮಾನಾಂಗ್," ಎಂದ. ಮಾರ್ಚಿನಲ್ಲಿ ಬಾಕೊಲೋಡಿನ ಪ್ರಯೋಗಾಲಯಕ್ಕೆ ವರ್ಗ ಮಾಡಿಸಿಕೊಂಡು ಹೋದ. ಹೆಂಡತಿಯ ಊರು ಅದೇ ಎಂದು ಕಾರಣ ಹೇಳಿದ. ಅದು ನಿಜವೂ ಇರಬಹುದು. ಅವನು ಹೋದ ಮೇಲೆ ಸೀರಮ್ ಬಿಸಿ ಮಾಡುವ ಹೊಸ ನೀರಿನ ತೊಟ್ಟಿ ಬಂದಿದೆ, ಇನ್ನೂ ದೊಡ್ಡ ಸ್ಟ್ಯಾಂಡು ಬಂದಿದೆ. ನಾನಾಯ್ ಪಾನ್ಸಾಯ್ ಈಗ ನನ್ನನ್ನು ಏನು ಕೇಳಿದರೂ, "ಬರೆದುಕೊಡು ಇಂದಾಯ್, ಬಾಯಲ್ಲಿ ಬೇಡ," ಎನ್ನುತ್ತಾಳೆ. ನಾನು ಬರೆದುಕೊಡುತ್ತೇನೆ.